ಹೆಸರಿಲ್ಲದ ಪ್ರತಿವಾದಿ: ಸುಳ್ಳು ರಿವ್ಯೂಗಳಿಂದ ನಷ್ಟಕ್ಕೊಳಗಾದ ವ್ಯಾಪಾರಿಗೆ ಕಾನೂನಿನಲ್ಲಿ ಏನಿದೆ?

ಮಡಿಕೇರಿಯ ಹತ್ತಿರ ನಾಲ್ಕು ಕೋಣೆಗಳ ಒಂದು ಹೋಂಸ್ಟೇ ಇದೆ ಎಂದಿಟ್ಟುಕೊಳ್ಳೋಣ. ಗೂಗಲ್ ಮ್ಯಾಪ್ಸ್‌ನಲ್ಲಿ ಅದಕ್ಕೆ 60 ರಿವ್ಯೂಗಳಿವೆ, ಸರಾಸರಿ ರೇಟಿಂಗ್ 4.6. ದಸರಾ ರಜೆಗೆ ಎರಡು ವಾರ ಬಾಕಿ ಇರುವಾಗ ಒಂದೇ ರಾತ್ರಿಯಲ್ಲಿ 14 ಖಾತೆಗಳು ಒಂದೊಂದು ಸ್ಟಾರ್ ಕೊಟ್ಟು ಹೋಗುತ್ತವೆ, ಬೆಳಗಾಗುವಷ್ಟರಲ್ಲಿ ಸರಾಸರಿ 3.9ಕ್ಕೆ ಇಳಿದಿರುತ್ತದೆ. ಅವುಗಳಲ್ಲಿ ಒಂಬತ್ತರಲ್ಲಿ ಒಂದಕ್ಷರವೂ ಇಲ್ಲ. ಉಳಿದ ಐದರಲ್ಲಿ ಹಾಸಿಗೆಯಲ್ಲಿ ತಿಗಣೆ ಇತ್ತು, ಮುಂಗಡ ಹಣ ವಾಪಸ್ ಕೊಡಲಿಲ್ಲ ಎಂಬಂಥ ಮಾತುಗಳಿವೆ. ಬರೆದವರ ಹೆಸರುಗಳಲ್ಲಿ ಒಂದೂ ಅತಿಥಿಗಳ ರಿಜಿಸ್ಟರಿನಲ್ಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗುರುತಿಲ್ಲದ ಸಂಖ್ಯೆಯೊಂದರಿಂದ ವಾಟ್ಸ್‌ಆ್ಯಪ್ ಸಂದೇಶ ಬರುತ್ತದೆ: 20 ಸಾವಿರ ರೂಪಾಯಿ ಕೊಟ್ಟರೆ ಎಲ್ಲವನ್ನೂ ತೆಗೆಸಿಕೊಡುತ್ತೇವೆ.

ಈ ಮಾಲೀಕರು ವಕೀಲರ ಬಳಿ ಹೋದರೆ ಅವರಿಗೆ ಸಿಗುವ ಕಾನೂನುಗಳ ಪಟ್ಟಿ ಚಿಕ್ಕದೇನಲ್ಲ. ಸಿವಿಲ್ ಮಾನನಷ್ಟ ದಾವೆಯಿದೆ, ಕ್ರಿಮಿನಲ್ ಮಾನಹಾನಿಯ ಖಾಸಗಿ ದೂರಿದೆ, ಸುಲಿಗೆಯ ಕಲಮಿದೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯಿದೆ, ಗ್ರಾಹಕ ಸಂರಕ್ಷಣಾ ಕಾಯ್ದೆಯಿದೆ. ಆದರೆ ಇವುಗಳಲ್ಲಿ ಹೆಚ್ಚಿನವು ತಪ್ಪು ಮಾಡಿದವರು ಯಾರೆಂಬುದು ದೂರುದಾರರಿಗೆ ಗೊತ್ತಿದೆ ಎಂದು ಎಣಿಸಿಕೊಂಡೇ ರಚನೆಯಾದವು. ಸುಳ್ಳು ರಿವ್ಯೂವಿನ ವಿಷಯದಲ್ಲಿ ಗೊತ್ತಿಲ್ಲದಿರುವುದೇ ಆ ಒಂದು ಸಂಗತಿ. ಆದ್ದರಿಂದ ಯಾವ ಕಲಮಿನ ಅಡಿಯಲ್ಲಿ ಹೆಚ್ಚು ಶಿಕ್ಷೆಯಿದೆ ಎಂದು ನೋಡುವುದಕ್ಕಿಂತ, ಯಾವ ದಾರಿಯಲ್ಲಿ ಹೋದರೆ ಬರೆದವರ ಗುರುತು ಹೊರಬರುತ್ತದೆ ಎಂದು ನೋಡುವುದು ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ.

ಅದಕ್ಕೂ ಮೊದಲು ಒಂದು ಗೆರೆ ಎಳೆದುಕೊಳ್ಳಬೇಕು. ಕೆಟ್ಟ ರಿವ್ಯೂ ಬೇರೆ, ಸುಳ್ಳು ರಿವ್ಯೂ ಬೇರೆ. ನಿಜವಾಗಿ ಬಂದು ಉಳಿದುಹೋದ ಅತಿಥಿಯೊಬ್ಬರು ‘ಊಟ ತಣ್ಣಗಿತ್ತು, ಮಾಲೀಕರ ಮಾತು ಒರಟು’ ಎಂದು ಬರೆದರೆ, ಅದು ಎಷ್ಟೇ ನೋವು ತಂದರೂ ಕಾನೂನು ಅದನ್ನು ಕಾಯುತ್ತದೆ. ಸಿವಿಲ್ ದಾವೆಯಲ್ಲಿ ಸತ್ಯವು ಪೂರ್ಣ ಸಮರ್ಥನೆ, ನಿಜವಾದ ಸಂಗತಿಗಳನ್ನು ಆಧರಿಸಿದ ಪ್ರಾಮಾಣಿಕ ಅಭಿಪ್ರಾಯಕ್ಕೂ ರಕ್ಷಣೆಯಿದೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿಗೆ ಇರುವ ವಿನಾಯಿತಿಗಳಲ್ಲಿ, ಇತರರ ಹಿತಕ್ಕಾಗಿ ಸದ್ಭಾವನೆಯಿಂದ ಕೊಟ್ಟ ಎಚ್ಚರಿಕೆಯೂ ಸೇರಿದೆ. 2025ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಸ್ಯಾನ್ ನ್ಯೂಟ್ರಿಷನ್ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿತು. ತನ್ನ ಪ್ರೋಟೀನ್ ಪುಡಿಯನ್ನು ಟೀಕಿಸಿದ ವಿಡಿಯೊಗಳನ್ನು ತೆಗೆಸಬೇಕೆಂದು ಕಂಪನಿ ಕೇಳಿತ್ತು. ವಿಡಿಯೊ ಮಾಡಿದವರ ಮಾತಿಗೆ ಪ್ರಯೋಗಾಲಯದ ವರದಿಗಳ ಆಧಾರವಿದ್ದುದರಿಂದ ನ್ಯಾಯಾಲಯ ಮಧ್ಯಂತರ ತಡೆಯಾಜ್ಞೆ ಕೊಡಲು ಒಪ್ಪಲಿಲ್ಲ.

ಇದೇ ತರ್ಕವನ್ನು ತಿರುಗಿಸಿ ನೋಡಿದರೆ ವ್ಯಾಪಾರಿಗೆ ಒಂದು ಆಸರೆ ಸಿಗುತ್ತದೆ. ಅಭಿಪ್ರಾಯಕ್ಕೆ ರಕ್ಷಣೆ ಸಿಗುವುದು ಅದರ ತಳದಲ್ಲಿ ನಿಜವಾದ ಸಂಗತಿ ಇದ್ದಾಗ. ಹೋಂಸ್ಟೇಯ ಮೆಟ್ಟಿಲನ್ನೇ ಹತ್ತದವರಿಗೆ ಅಂಥ ಸಂಗತಿ ಎಲ್ಲಿಂದ ಬರಬೇಕು? ಅಕ್ಷರವಿಲ್ಲದ ಒಂದು ಸ್ಟಾರನ್ನು ಮಾನಹಾನಿ ಎಂದು ಸಾಧಿಸುವುದು ಕಷ್ಟ, ಏಕೆಂದರೆ ಅದರಲ್ಲಿ ಆರೋಪವೇ ಇಲ್ಲ. ಆದರೂ ರೇಟಿಂಗ್ ಕೊಡುವವರು ‘ನಾನು ಇಲ್ಲಿನ ಗ್ರಾಹಕ’ ಎಂದು ಸೂಚ್ಯವಾಗಿ ಹೇಳುತ್ತಿರುತ್ತಾರೆ, ಆ ಹೇಳಿಕೆಯೇ ಸುಳ್ಳು ಎಂದು ವಾದಿಸಲು ಅವಕಾಶವಿದೆ. ತಿಗಣೆ ಮತ್ತು ಮುಂಗಡದ ಮಾತಿರುವ ಐದು ರಿವ್ಯೂಗಳ ವಿಷಯದಲ್ಲಿ ವಾದ ಇನ್ನೂ ಗಟ್ಟಿ, ಅವು ಪರಿಶೀಲಿಸಬಹುದಾದ ಸಂಗತಿಗಳು. ಹಾಗಾಗಿ 14ನ್ನೂ ಒಂದೇ ತಕ್ಕಡಿಯಲ್ಲಿ ಹಾಕದೆ, ಈ ಐದನ್ನು ದಾವೆಯ ಬೆನ್ನೆಲುಬಾಗಿಟ್ಟುಕೊಂಡು, ಒಂಬತ್ತನ್ನು ಸಂಘಟಿತ ದಾಳಿಯ ಪುರಾವೆಯಾಗಿ ಬಳಸುವುದು ಮೇಲು.

ಸಿವಿಲ್ ದಾವೆಯಲ್ಲಿ ಮೊದಲು ನೋಡಬೇಕಾದದ್ದು ಗಡಿಯಾರವನ್ನು. 1963ರ ಕಾಲಮಿತಿ ಕಾಯ್ದೆಯ 75ನೇ ಅನುಚ್ಛೇದದ ಪ್ರಕಾರ ಬರಹದ ಮೂಲಕ ಆದ ಮಾನನಷ್ಟಕ್ಕೆ ಪರಿಹಾರ ಕೇಳಲು ಪ್ರಕಟಣೆಯ ದಿನದಿಂದ ಒಂದು ವರ್ಷ ಮಾತ್ರ ಇದೆ. ರಿವ್ಯೂ ಪ್ರತಿದಿನ ಕಣ್ಣಿಗೆ ಬೀಳುತ್ತಿರುವುದರಿಂದ ಪ್ರತಿದಿನವೂ ಹೊಸ ಪ್ರಕಟಣೆಯಲ್ಲವೇ ಎಂದು ಕೇಳಬಹುದು. ದೆಹಲಿ ಹೈಕೋರ್ಟ್ 2013ರ ತೀರ್ಪೊಂದರಲ್ಲಿ ಈ ವಾದವನ್ನು ಒಪ್ಪದೆ, ಅಂತರ್ಜಾಲದ ಬರಹಕ್ಕೂ ಮೊದಲ ಪ್ರಕಟಣೆಯಿಂದಲೇ ಕಾಲ ಎಣಿಸಬೇಕೆಂದು ಹೇಳಿದೆ. ಎಲ್ಲಿ ದಾವೆ ಹೂಡಬೇಕೆಂಬುದು ಅಷ್ಟು ತೊಡಕಿನದಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಕಲಮು, ಹಾನಿಯಾದ ಸ್ಥಳದ ನ್ಯಾಯಾಲಯಕ್ಕೂ ಪ್ರತಿವಾದಿ ಇರುವ ಸ್ಥಳದ ನ್ಯಾಯಾಲಯಕ್ಕೂ ಅಧಿಕಾರ ಕೊಡುತ್ತದೆ.

ತೊಡಕು ಇರುವುದು ಪ್ರತಿವಾದಿಯ ಜಾಗದಲ್ಲಿ ಯಾರ ಹೆಸರು ಬರೆಯಬೇಕೆಂಬಲ್ಲಿ. ಇಂಗ್ಲೆಂಡ್ ಮತ್ತು ಅಮೆರಿಕದ ನ್ಯಾಯಾಲಯಗಳು ಗುರುತಿಲ್ಲದ ಪ್ರತಿವಾದಿಗೆ ಜಾನ್ ಡೋ ಎಂಬ ಹೆಸರಿಟ್ಟವು. ನಮ್ಮ ನ್ಯಾಯಾಲಯಗಳಲ್ಲಿ ಅದೇ ವ್ಯಕ್ತಿ ಅಶೋಕ್ ಕುಮಾರ್ ಆಗಿದ್ದಾನೆ. ಕೇಬಲ್ ಟಿವಿಯ ಅಕ್ರಮ ಪ್ರಸಾರವನ್ನು ತಡೆಯಲು ಎರಡು ದಶಕಗಳ ಹಿಂದೆ ದೆಹಲಿಯಲ್ಲಿ ಬಳಕೆಗೆ ಬಂದ ಈ ವಿಧಾನ ಈಗ ಮಾನನಷ್ಟದ ದಾವೆಗಳಲ್ಲೂ ರೂಢಿಯಾಗಿದೆ. ಅಶೋಕ್ ಕುಮಾರನ ಜೊತೆಗೆ, ರಿವ್ಯೂ ಪ್ರಕಟವಾದ ಗೂಗಲ್‌ನಂಥ ವೇದಿಕೆಯ ಕಂಪನಿಯನ್ನೂ ಪಕ್ಷಕಾರನನ್ನಾಗಿ ಮಾಡಿ, ಆ ಖಾತೆಗಳ ನೋಂದಣಿ ವಿವರ, ಇಮೇಲ್, ಐಪಿ ವಿಳಾಸಗಳನ್ನು ಮುಚ್ಚಿದ ಲಕೋಟೆಯಲ್ಲಾದರೂ ಸಲ್ಲಿಸುವಂತೆ ಆದೇಶ ಕೇಳಬಹುದು. ತಪ್ಪಿನಲ್ಲಿ ತನ್ನ ಪಾಲಿಲ್ಲದಿದ್ದರೂ ತನ್ನ ಮೂಲಕ ತಪ್ಪು ನಡೆದಿರುವಾಗ ಮಾಹಿತಿ ಕೊಡುವ ಹೊಣೆ ಮೂರನೆಯವರಿಗಿದೆ ಎಂಬ ಈ ತತ್ವವನ್ನು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ನಾರ್ವಿಚ್ ಫಾರ್ಮಕಲ್ ಪ್ರಕರಣದಲ್ಲಿ ಸ್ಥಾಪಿಸಿತು. ಇಲ್ಲಿ ಅನೇಕರು ಮಾಡುವ ತಪ್ಪೊಂದಿದೆ: ಭಾರತದಲ್ಲಿ ನೋಂದಾಯಿತವಾದ ಅಂಗಸಂಸ್ಥೆಯನ್ನು ಮಾತ್ರ ಪ್ರತಿವಾದಿ ಮಾಡುತ್ತಾರೆ. ಮ್ಯಾಪ್ಸ್ ಸೇವೆಯನ್ನು ನಡೆಸುವವರು ತಾವಲ್ಲ, ಅಮೆರಿಕದ ಗೂಗಲ್ ಎಲ್ಎಲ್‌ಸಿ ಎಂದು ಅದು ಉತ್ತರಿಸುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ.

ಮಧ್ಯಂತರ ತಡೆಯಾಜ್ಞೆಯ ವಿಷಯದಲ್ಲಿ ನ್ಯಾಯಾಲಯಗಳ ಧೋರಣೆ ಇತ್ತೀಚೆಗೆ ಬಿಗಿಯಾಗಿದೆ. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಬ್ಲೂಮ್‌ಬರ್ಗ್ ವಿರುದ್ಧ ಝೀ ಎಂಟರ್‌ಟೈನ್‌ಮೆಂಟ್ ಪಡೆದಿದ್ದ ಏಕಪಕ್ಷೀಯ ಆದೇಶವನ್ನು ರದ್ದುಪಡಿಸಿ, ಬರಹವನ್ನು ತೆಗೆಸುವ ಮುನ್ನ ಅಧೀನ ನ್ಯಾಯಾಲಯಗಳು ಯಾಂತ್ರಿಕವಾಗಿ ವರ್ತಿಸಬಾರದೆಂದು ಹೇಳಿತು. ಅದು ಪತ್ರಿಕಾ ಬರಹದ ಪ್ರಕರಣವಾದರೂ ರಿವ್ಯೂ ದಾವೆಗಳಲ್ಲಿ ಎದುರು ವಕೀಲರು ಮೊದಲು ಎತ್ತುವುದು ಅದನ್ನೇ. ಇದು ನ್ಯಾಯವೂ ಹೌದು. ಗ್ರಾಹಕರ ಪ್ರಾಮಾಣಿಕ ದೂರನ್ನೇ ‘ಸುಳ್ಳು ರಿವ್ಯೂ’ ಎಂದು ಕರೆದು ಲಾಯರ್ ನೋಟಿಸ್ ಕಳಿಸುವ ವ್ಯಾಪಾರಿಗಳ ಸಂಖ್ಯೆ ಕಡಿಮೆಯೇನಿಲ್ಲ. ಆದರೆ ಈ ಬಿಗಿಯ ಭಾರ ನಿಜವಾಗಿ ಪೆಟ್ಟು ತಿಂದ ಸಣ್ಣ ವ್ಯಾಪಾರಿಯ ಮೇಲೂ ಬೀಳುತ್ತದೆ: ‘ಇವರು ಗ್ರಾಹಕರೇ ಅಲ್ಲ’ ಎಂಬುದನ್ನು ಮೊದಲ ದಿನವೇ ದಾಖಲೆಗಳಿಂದ ತೋರಿಸದಿದ್ದರೆ ಆದೇಶ ಸಿಗುವುದಿಲ್ಲ.

ಕ್ರಿಮಿನಲ್ ದಾರಿಯ ಬಗ್ಗೆ ಜನರಿಗಿರುವ ನಿರೀಕ್ಷೆ ಅದರ ಶಕ್ತಿಗಿಂತ ದೊಡ್ಡದು. 356ನೇ ಕಲಮಿನ ಅಡಿಯಲ್ಲಿ ಎರಡು ವರ್ಷಗಳವರೆಗೆ ಸಾದಾ ಸೆರೆವಾಸ, ದಂಡ, ಎರಡೂ ಅಥವಾ ಸಮುದಾಯ ಸೇವೆಯ ಶಿಕ್ಷೆ ವಿಧಿಸಬಹುದು. ಕಂಪನಿಗೂ ಮಾನವಿದೆ ಎಂದು ಅದರ ವಿವರಣೆಯೇ ಹೇಳುತ್ತದೆ. ಆದರೆ ಇದು ಪೊಲೀಸರು ತಾವಾಗಿ ಎಫ್‌ಐಆರ್ ದಾಖಲಿಸಬಹುದಾದ ಅಪರಾಧವಲ್ಲ. ಬಾಧಿತರೇ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಸಲ್ಲಿಸಬೇಕು. ಕ್ರಿಮಿನಲ್ ಮಾನಹಾನಿಯ ಕಾನೂನನ್ನು ಎತ್ತಿಹಿಡಿದ 2016ರ ಸುಬ್ರಮಣಿಯನ್ ಸ್ವಾಮಿ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್, ಇಂಥ ದೂರಿನಲ್ಲಿ ಪೊಲೀಸ್ ತನಿಖೆಗೆ ಆದೇಶಿಸುವಂತಿಲ್ಲ, ದೂರುದಾರರೇ ತಮ್ಮ ಪ್ರಕರಣವನ್ನು ಕಟ್ಟಬೇಕು ಎಂದಿದೆ. ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಮು ಇನ್ನೊಂದು ಮೆಟ್ಟಿಲನ್ನು ಸೇರಿಸಿದೆ: ದೂರನ್ನು ವಿಚಾರಣೆಗೆ ಅಂಗೀಕರಿಸುವ ಮುನ್ನ ಆರೋಪಿಯ ಮಾತನ್ನು ಕೇಳಬೇಕು. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಇಬ್ಬರು ರಾಜಕಾರಣಿಗಳ ನಡುವಿನ ಮಾನಹಾನಿ ಪ್ರಕರಣದಲ್ಲಿ ಈ ಕ್ರಮವನ್ನು ಬಿಡಿಸಿ ಹೇಳಿತು. ಮೊದಲು ದೂರುದಾರರ ಮತ್ತು ಸಾಕ್ಷಿಗಳ ಪ್ರಮಾಣೀಕೃತ ಹೇಳಿಕೆ, ಆಮೇಲೆ ಆರೋಪಿಗೆ ನೋಟಿಸ್. ರಾಜಕಾರಣಿಗಾದರೆ ವಿಳಾಸವಿದೆ. ‘ಟ್ರಾವೆಲ್ ಲವರ್ 7’ ಎಂಬ ಖಾತೆಗೆ ಯಾವ ಅಂಚೆಯವರು ನೋಟಿಸ್ ಮುಟ್ಟಿಸಬೇಕು?

ಆದ್ದರಿಂದಲೇ ಮಧ್ಯಾಹ್ನ ಬಂದ ಆ ವಾಟ್ಸ್‌ಆ್ಯಪ್ ಸಂದೇಶ ನಮ್ಮ ಹೋಂಸ್ಟೇ ಮಾಲೀಕರಿಗೆ 14 ರಿವ್ಯೂಗಳಿಗಿಂತ ಬೆಲೆಯುಳ್ಳ ಪುರಾವೆ. ನ್ಯಾಯ ಸಂಹಿತೆಯಲ್ಲಿ ‘ಹಾನಿ’ ಎಂಬ ಪದದ ವ್ಯಾಖ್ಯೆಯು ದೇಹ ಮತ್ತು ಆಸ್ತಿಯ ಜೊತೆಗೆ ಖ್ಯಾತಿಯನ್ನೂ ಒಳಗೊಂಡಿದೆ. ಖ್ಯಾತಿಗೆ ಹಾನಿ ಮಾಡುವ ಭಯ ಹುಟ್ಟಿಸಿ ಹಣ ವಸೂಲು ಮಾಡಿದರೆ ಅದು 308ನೇ ಕಲಮಿನ ಸುಲಿಗೆ, ಏಳು ವರ್ಷಗಳವರೆಗೆ ಶಿಕ್ಷೆಯಿದೆ. ಹಣ ಕೊಡದಿದ್ದರೂ ಸುಲಿಗೆಗಾಗಿ ಹೆದರಿಸಿದ್ದು ಅದೇ ಕಲಮಿನಲ್ಲಿ ಪ್ರತ್ಯೇಕ ಅಪರಾಧ. ಇದು ಎಫ್‌ಐಆರ್ ಆಗುವ ಪ್ರಕರಣ. ಎಫ್‌ಐಆರ್ ಆದಮೇಲೆ ತನಿಖಾಧಿಕಾರಿ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನ ಅಡಿಯಲ್ಲಿ ಆ ಮೊಬೈಲ್ ಸಂಖ್ಯೆಯ ಮತ್ತು ಖಾತೆಗಳ ದಾಖಲೆಗಳನ್ನು ಕೇಳಬಹುದು. ಮಾನಹಾನಿಯ ದೂರಿನಲ್ಲಿ ಮುಚ್ಚಿದ್ದ ಬಾಗಿಲು ಇಲ್ಲಿ ತೆರೆಯುತ್ತದೆ. ನಿಜವಾದ ಹಳೆಯ ಅತಿಥಿಯೊಬ್ಬರ ಹೆಸರು, ಫೋಟೊ ಬಳಸಿ ಬೇರೊಬ್ಬರು ಬರೆದಿದ್ದರೆ, ಕಂಪ್ಯೂಟರ್ ಸಾಧನದ ಮೂಲಕ ಸೋಗು ಹಾಕಿ ವಂಚಿಸುವುದನ್ನು ಶಿಕ್ಷಿಸುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮನ್ನೂ ಸೇರಿಸಲು ವಾದಿಸಬಹುದು. ಹಣ ಕೊಟ್ಟು ಮುಗಿಸಿಬಿಡೋಣ ಎಂದುಕೊಂಡು ಸಂದೇಶವನ್ನು ಅಳಿಸುವವರು ತಮಗೆ ಸಿಕ್ಕಿದ್ದ ಏಕೈಕ ಸುಳಿವನ್ನೂ ಅಳಿಸಿದಂತೆ.

ಇನ್ನು ವೇದಿಕೆಗಳ ಹೊಣೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮು ಬಳಕೆದಾರರು ಬರೆದದ್ದಕ್ಕೆ ಮಧ್ಯವರ್ತಿ ಸಂಸ್ಥೆಗಳನ್ನು ಷರತ್ತುಬದ್ಧವಾಗಿ ಹೊಣೆಯಿಂದ ಬಿಡಿಸುತ್ತದೆ. 2015ರ ಶ್ರೇಯಾ ಸಿಂಘಲ್ ತೀರ್ಪಿನ ಪ್ರಕಾರ, ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಸೂಚನೆ ತಲುಪಿದ ಮೇಲೂ ಬರಹವನ್ನು ಉಳಿಸಿಕೊಂಡರೆ ಮಾತ್ರ ಆ ರಕ್ಷಣೆ ಹೋಗುತ್ತದೆ. ವ್ಯಾಪಾರಿ ಕಳಿಸುವ ಲಾಯರ್ ನೋಟಿಸ್‌ಗೆ ಅಷ್ಟು ಬಲವಿಲ್ಲ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಪ್ರತಿ ವೇದಿಕೆಗೂ ಕುಂದುಕೊರತೆ ಅಧಿಕಾರಿ ಇರಬೇಕು, ನಿಗದಿತ ಗಡುವಿನಲ್ಲಿ ಅವರು ದೂರನ್ನು ಇತ್ಯರ್ಥಪಡಿಸಬೇಕು, ಅತೃಪ್ತರಾದವರು 30 ದಿನಗಳಲ್ಲಿ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು. ನ್ಯಾಯಾಲಯ ಶುಲ್ಕವಿಲ್ಲದ ಈ ದಾರಿಯನ್ನು ಬಳಸುವವರು ವಿರಳ.

ಆದರೆ ದೂರಿನ ಒಕ್ಕಣೆಯಲ್ಲಿ ಒಂದು ಸೂಕ್ಷ್ಮವಿದೆ. ನಿಷಿದ್ಧ ವಿಷಯಗಳನ್ನು ಪಟ್ಟಿ ಮಾಡುವ ನಿಯಮ 3ರಿಂದ ‘ಮಾನಹಾನಿಕರ’ ಎಂಬ ಪದವನ್ನು 2022ರ ಅಕ್ಟೋಬರ್‌ನ ತಿದ್ದುಪಡಿ ಕೈಬಿಟ್ಟಿತು, ಯಾವುದು ಮಾನಹಾನಿ ಎಂಬುದನ್ನು ನ್ಯಾಯಾಲಯವೇ ತೀರ್ಮಾನಿಸಬೇಕೆಂಬ ಕಾರಣಕ್ಕೆ. ‘ಇದರಿಂದ ನನ್ನ ಮಾನ ಹೋಗಿದೆ’ ಎಂದು ಪುಟಗಟ್ಟಲೆ ಬರೆದ ದೂರು ಅಲ್ಲಿಯೇ ಸೋಲುತ್ತದೆ. ಬೇರೊಬ್ಬರ ಸೋಗು ಹಾಕುವುದು, ಸಂದೇಶದ ಮೂಲದ ಬಗ್ಗೆ ಓದುಗರನ್ನು ದಾರಿ ತಪ್ಪಿಸುವುದು ಇವೆರಡೂ ಪಟ್ಟಿಯಲ್ಲಿ ಇನ್ನೂ ಉಳಿದಿವೆ. ವೇದಿಕೆಗಳ ಸ್ವಂತ ನೀತಿಗಳೂ ಸ್ವಾನುಭವವಿಲ್ಲದ ರಿವ್ಯೂಗಳನ್ನು ನಿಷೇಧಿಸುತ್ತವೆ. ಹಾಗಾಗಿ ದೂರು ಹೇಳಬೇಕಾದದ್ದು ಇಷ್ಟು: ಈ 14 ಖಾತೆಗಳವರು ಗ್ರಾಹಕರಲ್ಲ, ಇಂತಿಂಥ ದಿನ ಕೋಣೆಗಳಲ್ಲಿ ಇದ್ದವರು ಬೇರೆಯವರು, ಇವುಗಳಲ್ಲಿ ಮೂರು ಖಾತೆಗಳು ಅದೇ ದಿನ ಜೈಪುರದ ದಂತವೈದ್ಯರಿಗೂ ಗುವಾಹಟಿಯ ಜಿಮ್‌ಗೂ ರೇಟಿಂಗ್ ಕೊಟ್ಟಿವೆ.

ಗ್ರಾಹಕ ಕಾನೂನಿನ ಸ್ಥಿತಿ ಮಾತ್ರ ವಿಚಿತ್ರ. ಇನ್ನೊಬ್ಬರ ಸರಕು, ಸೇವೆ ಅಥವಾ ವ್ಯಾಪಾರವನ್ನು ಹೀಗಳೆಯುವ ಸುಳ್ಳು ಸಂಗತಿಗಳನ್ನು ಹರಡುವುದು ಅನುಚಿತ ವ್ಯಾಪಾರ ಪದ್ಧತಿ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಮಾರಾಟಗಾರರು ತಾವೇ ಗ್ರಾಹಕರೆಂದು ಹೇಳಿಕೊಂಡು ರಿವ್ಯೂ ಬರೆಯುವುದನ್ನು 2020ರ ಇ-ಕಾಮರ್ಸ್ ನಿಯಮಗಳು ನಿಷೇಧಿಸಿವೆ. ಎದುರಿನ ಹೋಂಸ್ಟೇಯವರೇ ಈ ಕೆಲಸ ಮಾಡಿಸಿದ್ದಾರೆಂದರೆ ತಪ್ಪು ಕಾಯ್ದೆಯ ಒಳಗೇ ಬರುತ್ತದೆ, ಆದರೆ ನಷ್ಟವಾದವರು ‘ಗ್ರಾಹಕ’ರಲ್ಲವಾದ್ದರಿಂದ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ಅವರಿಗೆ ತೆರೆಯುವುದಿಲ್ಲ. ಕಾಯ್ದೆಯ 17ನೇ ಕಲಮಿನ ಅಡಿಯಲ್ಲಿ ಜಿಲ್ಲಾಧಿಕಾರಿಗೆ ಅಥವಾ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಲಿಖಿತ ದೂರು ಕಳಿಸಬಹುದು, ಆದರೆ ಅಲ್ಲಿ ತೂಗುವುದು ಗ್ರಾಹಕ ಸಮೂಹದ ಹಿತವನ್ನು. ಸುಳ್ಳು ರಿವ್ಯೂ ಓದಿ ಮೋಸಹೋದವರನ್ನು ಈ ಕಾಯ್ದೆ ಗುರುತಿಸುತ್ತದೆ, ಅದರಿಂದ ಕೋಣೆ ಖಾಲಿ ಉಳಿದವರನ್ನು ಗುರುತಿಸುವುದಿಲ್ಲ. ಭಾರತೀಯ ಮಾನಕ ಬ್ಯೂರೋ 2022ರ ನವೆಂಬರ್‌ನಲ್ಲಿ ತಂದ ಐಎಸ್ 19000 ಮಾನದಂಡವು ರಿವ್ಯೂ ಬರೆಯುವವರನ್ನು ಇಮೇಲ್, ಫೋನ್ ಮುಂತಾದವುಗಳ ಮೂಲಕ ದೃಢೀಕರಿಸುವ ವಿಧಾನಗಳನ್ನು ಹೇಳುತ್ತದೆ. ಆದರೆ ಅದು ಬಂದದ್ದು ಸ್ವಯಂಪ್ರೇರಿತ ಮಾನದಂಡವಾಗಿ. ಅದನ್ನು ಕಡ್ಡಾಯ ಮಾಡುವ ಪ್ರಸ್ತಾವವನ್ನು ಗ್ರಾಹಕ ವ್ಯವಹಾರಗಳ ಇಲಾಖೆ 2024ರಲ್ಲಿ ಚರ್ಚೆಗಿಟ್ಟಿತ್ತು.

ಹೊರದೇಶಗಳು ಈ ಹೊರೆಯನ್ನು ಬೇರೆ ರೀತಿ ಹಂಚಿವೆ. 2024ರ ಅಕ್ಟೋಬರ್ 21ರಿಂದ ಜಾರಿಗೆ ಬಂದ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ ಸುಳ್ಳು ರಿವ್ಯೂ ಮಾರುವವರನ್ನೂ ಕೊಳ್ಳುವವರನ್ನೂ ದಂಡಕ್ಕೆ ಗುರಿಪಡಿಸುತ್ತದೆ, ಜೊತೆಗೆ ಆಧಾರವಿಲ್ಲದ ಕಾನೂನು ಬೆದರಿಕೆ ಹಾಕಿ ನಿಜವಾದ ಟೀಕೆಯನ್ನು ತೆಗೆಸುವುದನ್ನೂ ನಿಷೇಧಿಸುತ್ತದೆ. ಬ್ರಿಟನ್ 2025ರ ಏಪ್ರಿಲ್‌ನಿಂದ ಇನ್ನೂ ಮುಂದೆ ಹೋಗಿ, ಸುಳ್ಳು ರಿವ್ಯೂಗಳನ್ನು ತಡೆಯಲು ಸೂಕ್ತ ಕ್ರಮ ಕೈಗೊಳ್ಳುವ ಹೊಣೆಯನ್ನು ವೇದಿಕೆಗಳ ಮೇಲೇ ಹೊರಿಸಿದೆ. ತಪ್ಪಿದರೆ ಜಾಗತಿಕ ವಹಿವಾಟಿನ ಶೇ 10ರವರೆಗೆ ದಂಡ. ಇಟಲಿಯ ಲೆಚ್ಚೆ ನಗರದ ನ್ಯಾಯಾಲಯ 2018ರಲ್ಲಿ ರಿವ್ಯೂ ಮಾರುತ್ತಿದ್ದ ವ್ಯಕ್ತಿಗೆ ಒಂಬತ್ತು ತಿಂಗಳ ಸೆರೆವಾಸ ವಿಧಿಸಿದ ಪ್ರಕರಣವೂ ಇದನ್ನೇ ಹೇಳುತ್ತದೆ. ಅಲ್ಲಿ ಟ್ರಿಪ್‌ಅಡ್ವೈಸರ್ ತನ್ನ ಆಂತರಿಕ ತನಿಖೆಯ ಪುರಾವೆಗಳನ್ನು ಒದಗಿಸಿ ತಾನೂ ಪಕ್ಷಕಾರನಾಗಿ ಸೇರಿತ್ತು. ಗುರುತಿನ ಮಾಹಿತಿ ಇರುವುದು ವೇದಿಕೆಯ ಬಳಿ, ಆದ್ದರಿಂದ ಹುಡುಕುವ ಕೆಲಸವೂ ಅದರ ಮೇಲೆ ಬೀಳಬೇಕಾದದ್ದು ಸಹಜ. ನಮ್ಮಲ್ಲಿ ಆ ಕೆಲಸ ಈಗಲೂ ನಾಲ್ಕು ಕೋಣೆಗಳ ಮಾಲೀಕರದೇ.

ಇಷ್ಟೆಲ್ಲ ಹೇಳುವಾಗ ಇನ್ನೊಂದು ಮುಜುಗರದ ಮಾತನ್ನೂ ಹೇಳಬೇಕು. ಆ 60 ರಿವ್ಯೂಗಳಲ್ಲಿ ಸೋದರಮಾವನ ಮಗ, ಶಾಲೆಯ ಗೆಳೆಯರು, ‘ನೂರು ರಿವ್ಯೂಗೆ ಇಷ್ಟು’ ಎಂದು ದರ ಹೇಳಿದ ಏಜೆನ್ಸಿಯವರು ಬರೆದವು ಎಷ್ಟಿವೆ? 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 41ನೇ ಕಲಮಿನ ಪ್ರಕಾರ, ವಾದಿಯ ಸ್ವಂತ ನಡತೆ ಸರಿಯಿಲ್ಲದಿದ್ದರೆ ತಡೆಯಾಜ್ಞೆ ನಿರಾಕರಿಸಬಹುದು. ಹತ್ತು ಐದು-ಸ್ಟಾರ್‌ಗಳನ್ನು ಕೊಂಡವರು ಹದಿನಾಲ್ಕು ಒಂದು-ಸ್ಟಾರ್‌ಗಳ ವಿರುದ್ಧ ದೂರುವುದನ್ನು ಎದುರು ವಕೀಲರು ಸುಮ್ಮನೆ ಬಿಡುವುದಿಲ್ಲ. ರಿವ್ಯೂಗೆ ಸಾರ್ವಜನಿಕವಾಗಿ ಉತ್ತರಿಸುವಾಗಲೂ ಜಾಗ್ರತೆ ಬೇಕು: ‘ಇಂಥ ದಿನ ಇಂಥವರೊಂದಿಗೆ ಬಂದಿದ್ದಿರಿ’ ಎಂದು ಅತಿಥಿಯ ವಿವರ ಹೊರಗೆಡಹಿದರೆ, ಅಥವಾ ವೈದ್ಯರು ರೋಗಿಯ ಕಾಯಿಲೆಯನ್ನು ಉತ್ತರದಲ್ಲಿ ಬರೆದರೆ, ದೂರುದಾರರೇ ಪ್ರತಿವಾದಿಯಾಗುತ್ತಾರೆ. ‘ಈ ಹೆಸರಿನ ಅತಿಥಿ ನಮ್ಮ ದಾಖಲೆಯಲ್ಲಿಲ್ಲ, ದಯವಿಟ್ಟು ಬುಕಿಂಗ್ ಸಂಖ್ಯೆ ತಿಳಿಸಿ’ ಎಂಬ ಒಂದು ಸಾಲು ಸಾಕು. ಉತ್ತರ ಬಾರದಿದ್ದರೆ ಅದೂ ಪುರಾವೆಯೇ.

ಪುರಾವೆಯ ಮಾತಿಗೆ ಬಂದರೆ, ಮೊಬೈಲಿನಲ್ಲಿ ತೆಗೆದ ಸ್ಕ್ರೀನ್‌ಶಾಟ್ ಒಂದೇ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ. ಅದರ ನಮೂನೆಯಲ್ಲಿ ದಾಖಲೆಯ ಹ್ಯಾಶ್ ಮೌಲ್ಯವನ್ನು, ಅಂದರೆ ಕಡತ ಬದಲಾಗಿಲ್ಲವೆಂದು ತೋರಿಸಲು ಅದರಿಂದಲೇ ಲೆಕ್ಕಹಾಕಿದ ಸಂಕೇತವನ್ನು, ನಮೂದಿಸಬೇಕು, ಪರಿಣತರೊಬ್ಬರು ಭರ್ತಿ ಮಾಡುವ ಭಾಗವೂ ಇದೆ. ಪ್ರತಿ ರಿವ್ಯೂವಿನ ಪೂರ್ಣ ಲಿಂಕ್, ದಿನಾಂಕ, ಆ ಖಾತೆಯ ಇತರ ರಿವ್ಯೂಗಳು, ಆ ದಿನಗಳ ಅತಿಥಿ ರಿಜಿಸ್ಟರ್, ಯುಪಿಐ ಪಾವತಿಗಳು, ಬುಕಿಂಗ್ ರದ್ದತಿಗಳು, ಇವೆಲ್ಲ ಮೊದಲ ವಾರದಲ್ಲೇ ಒಂದೆಡೆ ಸೇರಬೇಕು. ಪರಿಹಾರದ ಮೊತ್ತ ನಿಲ್ಲುವುದೂ ಈ ರದ್ದತಿಗಳ ಲೆಕ್ಕದ ಮೇಲೆಯೇ.

ಮೊದಲ ವಾರ ಎನ್ನಲು ಇನ್ನೊಂದು ಕಾರಣವಿದೆ, ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. ದೂರಿನ ಮೇಲೆ ತೆಗೆದುಹಾಕಿದ ಬರಹವನ್ನೂ ಅದಕ್ಕೆ ಸಂಬಂಧಿಸಿದ ದಾಖಲೆಗಳನ್ನೂ ವೇದಿಕೆಗಳು 180 ದಿನ ಕಾಪಾಡಬೇಕೆಂದು 2021ರ ನಿಯಮಗಳು ಹೇಳುತ್ತವೆ. ನ್ಯಾಯಾಲಯವೋ ಅಧಿಕಾರವುಳ್ಳ ಸರ್ಕಾರಿ ಸಂಸ್ಥೆಯೋ ಕೇಳಿದರೆ ಮಾತ್ರ ಅದಕ್ಕಿಂತ ಹೆಚ್ಚು. ದಾವೆ ಹೂಡಲು ಕಾನೂನು ಕೊಟ್ಟ ಅವಧಿ ಒಂದು ವರ್ಷ, ಬರೆದವರ ಗುರುತು ಉಳಿಯುವ ಖಾತರಿ ಅದರ ಅರ್ಧದಷ್ಟು. ರಿವ್ಯೂ ತೆಗೆಸಿದ ದಿನ ಮಾಲೀಕರು ಗೆದ್ದೆವೆಂದುಕೊಳ್ಳುತ್ತಾರೆ, ಆದರೆ 180 ದಿನಗಳ ಎಣಿಕೆ ಶುರುವಾಗುವುದು ಅದೇ ದಿನ. ರೇಟಿಂಗ್ ಸರಿಹೋದರೆ ಸಾಕು ಎನ್ನುವವರಿಗೆ ಇದರಿಂದ ಬಾಧಕವಿಲ್ಲ. ಬರೆದವರನ್ನು ಹಿಡಿಯಬೇಕೆನ್ನುವವರು ಮಾತ್ರ ತೆಗೆಸುವ ಅರ್ಜಿಯ ಜೊತೆಯಲ್ಲೇ ದಾಖಲೆ ಉಳಿಸಿಕೊಳ್ಳುವಂತೆ ಲಿಖಿತವಾಗಿ ಕೇಳಿ, ಆರು ತಿಂಗಳೊಳಗೆ ನ್ಯಾಯಾಲಯದ ಆದೇಶವನ್ನೋ ಪೊಲೀಸರ ಕೋರಿಕೆಯನ್ನೋ ವೇದಿಕೆಗೆ ತಲುಪಿಸಬೇಕು.